ಸಿಮ್ಯುಲೇಶನ್‌ಗೆ ವೇಗದ ರ‍್ಯಾಂಡಮ್ ಜನರೇಟರ್: ನಾವೇ ಬರೆಯೋದಾದರೆ ಯಾವುದು, ಹೇಗೆ?

ಈಸಿಂಗ್_ಜಾಲರಿ

ಎಲ್ಲರಿಗೂ ನಮಸ್ಕಾರ. ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡ್ತಿದ್ದೇನೆ. ಎರಡು ಆಯಾಮದ ಈಸಿಂಗ್ ಮಾದರಿಯ (ಅಯಸ್ಕಾಂತದ ಸರಳ ಮಾದರಿ) ಮಾಂಟೆ ಕಾರ್ಲೊ, ಅಂದರೆ ರ‍್ಯಾಂಡಮ್ ಸಂಖ್ಯೆಗಳಿಂದ ನಡೆಸೋ, ಸಿಮ್ಯುಲೇಶನ್ ಸಿ++ನಲ್ಲಿದೆ, ಜಾಲರಿ 1024 × 1024. ಈ ಮಾದರಿ ಗೊತ್ತಿಲ್ಲದವರಿಗೆ: ಪ್ರತಿ ಚೌಕದಲ್ಲೂ ಒಂದು ಸ್ಪಿನ್ ಇರುತ್ತೆ, ಮುಖ ಮೇಲಕ್ಕೆ ಇಲ್ಲವೇ ಕೆಳಕ್ಕೆ. ಯಾವುದಾದರೂ ಒಂದು ಚೌಕ ಆರಿಸಿ, ಅದನ್ನು ತಿರುಗಿಸಿದರೆ ಶಕ್ತಿ ಎಷ್ಟು ಬದಲಾಗುತ್ತೆ ಅಂತ ಲೆಕ್ಕ ಹಾಕಬೇಕು. ಶಕ್ತಿ ಇಳಿದರೆ ತಿರುಗಿಸೋದು, ಏರಿದರೆ ತಾಪಮಾನಕ್ಕೆ ತಕ್ಕ ಸಂಭವನೀಯತೆ ನೋಡಿ ತಿರುಗಿಸೋದು. ಹೀಗೆ ಒಂದು ಹೆಜ್ಜೆಗೆ ಎರಡೋ ಮೂರೋ ರ‍್ಯಾಂಡಮ್ ಸಂಖ್ಯೆ ಬೇಕಾಗುತ್ತೆ.

ಪ್ರೊಫೈಲರ್ (ಕೋಡಿನ ಯಾವ ಭಾಗಕ್ಕೆ ಎಷ್ಟು ಸಮಯ ಹೋಗುತ್ತೆ ಅಂತ ಅಳೆಯೋ ಸಾಧನ) ಹಾಕಿ ನೋಡಿದ್ರೆ ಹೆಚ್ಚಿನ ಸಮಯ ಹೋಗ್ತಿರೋದು ಸಿ ಲೈಬ್ರರಿಯ ರ‍್ಯಾಂಡ್ ಫಂಕ್ಷನ್‌ಗೇ. ಒಂದೊಂದು ತಾಪಮಾನಕ್ಕೂ ಪ್ರತ್ಯೇಕ ಜಾಲರಿ, ಪ್ರತ್ಯೇಕ ಥ್ರೆಡ್ (ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡೋ ಎಳೆ). ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೂ ಎಂಟು ಥ್ರೆಡ್ ಹಾಕಿದರೆ ಒಂದೇ ಥ್ರೆಡ್ ಇದ್ದಾಗಿಗಿಂತ ನಿಧಾನ. ಜನರೇಟರನ್ನು ನಾನೇ ಬರೆಯೋಣ ಅಂತಿದ್ದೀನಿ. ವೇಗ ಬೇಕು, ಅದಕ್ಕಾಗಿ ಉತ್ತರ ತಪ್ಪಾಗಬಾರದು. ಎಲ್ಲಿಂದ ಶುರು ಮಾಡಲಿ?

ಹಳೇ_ಸಿ_ಕೋಡು

ಥ್ರೆಡ್ ಹೆಚ್ಚಾದಷ್ಟೂ ನಿಧಾನ ಆಗೋದಕ್ಕೆ ಕಾರಣ ಲಾಕ್. ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿಯಲ್ಲಿ ರ‍್ಯಾಂಡ್ ಫಂಕ್ಷನ್‌ಗೆ ಇಡೀ ಪ್ರೋಗ್ರಾಮಿಗೆ ಒಂದೇ ಸ್ಟೇಟ್, ಅಂದರೆ ಮುಂದಿನ ಸಂಖ್ಯೆ ಹುಟ್ಟಿಸೋಕೆ ಒಳಗೆ ನೆನಪಿಟ್ಟುಕೊಂಡ ಬೆಲೆ. ಅದನ್ನು ಕಾಯೋಕೆ ಪ್ರತಿ ಕರೆಗೂ ಲಾಕ್ ಹಾಕಿ ತೆಗೀತಾರೆ. ಎಂಟು ಥ್ರೆಡ್ ಅದೇ ಬಾಗಿಲಲ್ಲಿ ಸರದಿ ನಿಲ್ಲುತ್ತವೆ. ಒಳಗಿನ ಲೆಕ್ಕ ಚಿಕ್ಕದೇ, ಹಿಂದೆ ಯಾವಾಗಲೋ ಬಂದ ಎರಡು ಸಂಖ್ಯೆ ಕೂಡಿಸೋದು ಅಷ್ಟೆ.

ಪ್ರತಿ ಥ್ರೆಡ್‌ಗೂ ಒಂದು 64 ಬಿಟ್ ಸ್ಟೇಟ್ ಕೊಡಿ, ಲೀನಿಯರ್ ಕಾಂಗ್ರುಯೆನ್ಶಿಯಲ್ ಜನರೇಟರ್ ಹಾಕಿ. ಒಂದೇ ಸಾಲು:

ಸ್ಟೇಟ್ = ಸ್ಟೇಟ್ * 6364136223846793005 + 1442695040888963407

ಒಂದು ಗುಣಾಕಾರ, ಒಂದು ಕೂಡಿಕೆ. 64 ಬಿಟ್ ಮೀರಿದ್ದು ತಾನೇ ಬಿದ್ದುಹೋಗುತ್ತೆ, ಭಾಗಾಕಾರದ ಗೊಡವೆ ಇಲ್ಲ. ಇದಕ್ಕಿಂತ ಸರಳ ಇಲ್ಲ.

ಕೆಳಬಿಟ್

ಲಾಕ್ ವಿಷಯ ಸರಿ. ಆದರೆ ಆ ಒಂದು ಸಾಲನ್ನು ಈಸಿಂಗ್ ಜಾಲರಿಗೆ ಹಾಗೇ ಜೋಡಿಸಿದರೆ ಏನಾಗುತ್ತೆ ಅಂತ ಕೈಯಲ್ಲೇ ಲೆಕ್ಕ ಹಾಕಿ ನೋಡಬೇಕು.

ಗುಣಕ ಬೆಸ, ಕೂಡಿಸೋದೂ ಬೆಸ. ಹಾಗಾಗಿ ಸ್ಟೇಟ್ ಸಮ ಇದ್ದರೆ ಮುಂದಿನದು ಬೆಸ, ಬೆಸ ಇದ್ದರೆ ಮುಂದಿನದು ಸಮ. ಅಂದರೆ ಕಟ್ಟಕಡೆಯ ಬಿಟ್ 0, 1, 0, 1 ಅಂತ ಓಡ್ತಾನೇ ಇರುತ್ತೆ. ಕೊನೆಯ ಎರಡು ಬಿಟ್ ನಾಲ್ಕು ಕರೆಗೊಮ್ಮೆ ಮರಳಿ ಬರುತ್ತವೆ, ಕೊನೆಯ ಹತ್ತು ಬಿಟ್ 1024 ಕರೆಗೊಮ್ಮೆ. ಈಗ ಸಾಲಿನ ಸಂಖ್ಯೆಗೆ ಒಂದು ಕರೆ, ಕಂಬಸಾಲಿನ ಸಂಖ್ಯೆಗೆ ಇನ್ನೊಂದು ಕರೆ ಮಾಡಿ, ಎರಡಕ್ಕೂ 1024ರಿಂದ ಶೇಷ ತಗೊಂಡ್ರಿ ಅನ್ನಿ. 1024ರ ಶೇಷ ಅಂದ್ರೆ ಆ ಕೊನೆಯ ಹತ್ತು ಬಿಟ್‌ಗಳೇ. ಒಂದು ಸಮ ಬಂದರೆ ಇನ್ನೊಂದು ಬೆಸ ಬಂದೇ ಬರುತ್ತೆ. ತಿರುಗಿಸೋ ತೀರ್ಮಾನಕ್ಕೆ ಮೂರನೇ ಕರೆ ಹೋದರೆ ಸಮ-ಬೆಸ ಅದಲು ಬದಲಾಗಬಹುದು, ಆದರೆ ಸಾಲು-ಕಂಬಸಾಲುಗಳ ಮೊತ್ತ ಮಾತ್ರ ಯಾವತ್ತೂ ಬೆಸವೇ.

ಚದುರಂಗದ ಹಾಸನ್ನು ನೆನಪು ಮಾಡ್ಕೊಳ್ಳಿ. ಮೊತ್ತ ಬೆಸ ಇರೋ ಚೌಕಗಳೆಲ್ಲ ಒಂದೇ ಬಣ್ಣದವು. ನಿಮ್ಮ ಜಾಲರಿಯ ಅರ್ಧಭಾಗವನ್ನು ಪ್ರೋಗ್ರಾಮ್ ಒಮ್ಮೆಯೂ ಮುಟ್ಟೋದಿಲ್ಲ! ಅದು ನಿಲ್ಲೋದಿಲ್ಲ, ಎಚ್ಚರಿಕೆ ಕೊಡೋದಿಲ್ಲ, ನೋಡೋಕೆ ನೀಟಾದ ಗ್ರಾಫ್ ಕೊಡುತ್ತೆ. ಈ ತರಹದ ತಪ್ಪಿನ ಅಪಾಯ ಇರೋದೇ ಅದರಲ್ಲಿ.

ಹಳೇ_ಸಿ_ಕೋಡು

ಕೆಳಗಿನ ಬಿಟ್ ಬಿಟ್ಟು ಮೇಲಿನವನ್ನು ತಗೊಂಡ್ರೆ? ಜಾವಾದ ಹಳೇ ರ‍್ಯಾಂಡಮ್ ಕ್ಲಾಸ್ ಮಾಡೋದು ಅದನ್ನೇ. 48 ಬಿಟ್ ಸ್ಟೇಟ್ ಇಟ್ಕೊಂಡು ಮೇಲಿನ 32 ಬಿಟ್ ಮಾತ್ರ ಹೊರಗೆ ಕೊಡುತ್ತೆ.

ಕೆಳಬಿಟ್

ಅದರಿಂದ ತುಂಬಾ ಸುಧಾರಿಸುತ್ತೆ, ನಿಜ. ಮೆಲಿಸ್ಸಾ ಓನೀಲ್ 2014ರಲ್ಲಿ ತಂದ ಪಿಸಿಜಿ ಕುಟುಂಬದ ಬೇರು ಅಲ್ಲೇ ಇದೆ: ಒಳಗೆ ಇದೇ ಕಾಂಗ್ರುಯೆನ್ಶಿಯಲ್ ಹೆಜ್ಜೆ, ಹೊರಗೆ ಕೊಡುವಾಗ ಮೇಲಿನ ಬಿಟ್‌ಗಳೇ ಎಷ್ಟು ಶಿಫ್ಟ್, ಎಷ್ಟು ಸುತ್ತು ಅಂತ ನಿರ್ಧರಿಸಿ ಉಳಿದದ್ದನ್ನು ಕದಡುತ್ತವೆ. ಪೈಥಾನ್‌ನ ನಮ್‌ಪೈ ಲೈಬ್ರರಿಯಲ್ಲಿ 1.17ರಿಂದ ಈಚೆಗೆ ಡೀಫಾಲ್ಟ್ ಆಗಿರೋದು ಅದರ 64 ಬಿಟ್ ಆವೃತ್ತಿ.

ಗುಣಕವನ್ನು ಕೆಟ್ಟದಾಗಿ ಆರಿಸಿದರೆ ಮಾತ್ರ ಮೇಲಿನ ಬಿಟ್ ಕೂಡ ಕಾಪಾಡೋದಿಲ್ಲ. ಐಬಿಎಂನ ಹಳೇ ಜನರೇಟರ್ ರ‍್ಯಾಂಡು ಇದಕ್ಕೆ ಪಾಠದಂತಿರೋ ಉದಾಹರಣೆ. ಗುಣಕ 65539, ಅಂದರೆ 2ರ 16ನೇ ಘಾತಕ್ಕೆ 3 ಕೂಡಿಸಿದ್ದು. ಆಗಿನ ಯಂತ್ರಗಳಲ್ಲಿ ಶಿಫ್ಟ್ ಮತ್ತು ಕೂಡಿಕೆಯಲ್ಲೇ ಮುಗಿಯುತ್ತೆ ಅನ್ನೋದು ಅನುಕೂಲ. ಆ ಅನುಕೂಲವೇ ಮುಳುವಾಯ್ತು: ಪ್ರತಿ ಸಂಖ್ಯೆಯೂ ಹಿಂದಿನದರ 6 ಪಟ್ಟಿನಿಂದ ಅದರ ಹಿಂದಿನದರ 9 ಪಟ್ಟು ಕಳೆದು, 2ರ 31ನೇ ಘಾತದಿಂದ ಶೇಷ ತೆಗೆದಷ್ಟು. ಮೂರು ಮೂರು ಸಂಖ್ಯೆ ಸೇರಿಸಿ ಘನದೊಳಗೆ ಬಿಂದು ಇಟ್ಟರೆ ಎಲ್ಲವೂ 15 ಸಮತಲಗಳ ಮೇಲೆ ಬಂದು ಕೂರುತ್ತವೆ. ಈ ಜಾತಿಯ ಜನರೇಟರ್‌ಗಳೆಲ್ಲ ಸಮತಲಗಳ ಮೇಲೇ ಬೀಳುತ್ತವೆ ಅಂತ ಜಾರ್ಜ್ ಮಾರ್ಸಾಗ್ಲಿಯಾ 1968ರಲ್ಲೇ ತೋರಿಸಿದ್ದರು. ಸಮತಲ ಸಾವಿರಾರಿದ್ದರೆ ತೊಂದರೆ ಕಾಣಿಸೋದಿಲ್ಲ, ಹದಿನೈದೇ ಇದ್ದರೆ ಕಾಣಿಸುತ್ತೆ.

ನಾಲ್ಕು_ರಿಜಿಸ್ಟರ್

ಅದೇ ಮಾರ್ಸಾಗ್ಲಿಯಾ 2003ರಲ್ಲಿ ಗುಣಾಕಾರವೇ ಇಲ್ಲದ ದಾರಿ ಕೊಟ್ಟರು. ಎಕ್ಸಾರ್ (^) ಅಂದರೆ ಎರಡು ಬಿಟ್ ಬೇರೆ ಬೇರೆ ಇದ್ದರೆ 1, ಒಂದೇ ಇದ್ದರೆ 0; ಶಿಫ್ಟ್ ಅಂದರೆ ಬಿಟ್‌ಗಳನ್ನು ಪಕ್ಕಕ್ಕೆ ಸರಿಸೋದು. ಎಕ್ಸಾರ್‌ಶಿಫ್ಟ್:

ಸ್ಟೇಟ್ ^= ಸ್ಟೇಟ್ << 13
ಸ್ಟೇಟ್ ^= ಸ್ಟೇಟ್ >> 7
ಸ್ಟೇಟ್ ^= ಸ್ಟೇಟ್ << 17

ಸೊನ್ನೆಯೊಂದನ್ನು ಬಿಟ್ಟು 64 ಬಿಟ್‌ನ ಪ್ರತಿಯೊಂದು ಸಂಖ್ಯೆಯನ್ನೂ ಇದು ಒಂದೊಂದು ಸಲ ಮುಟ್ಟಿ ಬರುತ್ತೆ. 13, 7, 17 ಅನ್ನೋದನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಬೇಡಿ, ಪೂರ್ಣ ಆವರ್ತ (ಸಂಖ್ಯೆಗಳು ಮತ್ತೆ ಮೊದಲಿನಿಂದ ಬರೋವರೆಗಿನ ಉದ್ದ) ಕೊಡೋ ತ್ರಿವಳಿಗಳು ಕೆಲವೇ. ಬರೀ ಎಕ್ಸಾರ್ ಮತ್ತು ಶಿಫ್ಟ್ ಆದ್ದರಿಂದ ಬಿಟ್‌ಗಳ ಮಟ್ಟದಲ್ಲಿ ಇಡೀ ಸಂಗತಿ ರೇಖೀಯ. ಮ್ಯಾಟ್ರಿಕ್ಸ್ ರ‍್ಯಾಂಕ್ ಪರೀಕ್ಷೆ ಅದನ್ನು ಹಿಡಿದುಹಾಕುತ್ತೆ. ಅದಕ್ಕೇ ಹೊರಗೆ ಕೊಡುವಾಗ ಒಂದು ಕೂಡಿಕೆಯನ್ನೋ ಗುಣಾಕಾರವನ್ನೋ ಸೇರಿಸಿ ರೇಖೀಯತೆ ಒಡೆಯುವ ಪದ್ಧತಿ ಬಂತು. ಕ್ರೋಮ್‌ನ ವಿ8 ಎಂಜಿನ್ 2015ರ ಕೊನೆಗೆ ತನ್ನ ಹಳೆಯ ದುರ್ಬಲ ಜನರೇಟರ್ ಬಿಟ್ಟು ತಗೊಂಡ ಎಕ್ಸಾರ್‌ಶಿಫ್ಟ್128+ ಇದೇ ಸಾಲಿನದು.

ನಾನು ಸಿಮ್ಯುಲೇಶನ್‌ಗೆ ಬಳಸೋದು ಡೇವಿಡ್ ಬ್ಲ್ಯಾಕ್‌ಮನ್ ಮತ್ತು ಸೆಬಾಸ್ಟಿಯಾನೊ ವಿನ್ಯಾ ಅವರ ಕ್ಸೋಶಿರೋ256++. ಸ್ಟೇಟ್ 64 ಬಿಟ್‌ನ ನಾಲ್ಕು ಪದ:

ಫಲ = ಸುತ್ತು(ಸ0 + ಸ3, 23) + ಸ0
ತಾ = ಸ1 << 17
ಸ2 ^= ಸ0
ಸ3 ^= ಸ1
ಸ1 ^= ಸ2
ಸ0 ^= ಸ3
ಸ2 ^= ತಾ
ಸ3 = ಸುತ್ತು(ಸ3, 45)

‘ಸುತ್ತು’ ಅಂದರೆ ಎಡಕ್ಕೆ ಹೊರಳಿಸೋದು. ಎಡಗಡೆಯಿಂದ ಬಿದ್ದ ಬಿಟ್ ಬಲಗಡೆಯಿಂದ ಒಳಗೆ ಬರಬೇಕು. ಕಂಪೈಲರ್ ಇದನ್ನು ಒಂದೇ ಇನ್‌ಸ್ಟ್ರಕ್ಷನ್ ಮಾಡುತ್ತೆ. ಆವರ್ತ 2ರ 256ನೇ ಘಾತಕ್ಕೆ ಒಂದು ಕಡಿಮೆ. ಈಗಿನ ಪ್ರೊಸೆಸರ್‌ನಲ್ಲಿ ಒಂದು ಸಂಖ್ಯೆಗೆ ಒಂದು ನ್ಯಾನೊಸೆಕೆಂಡಿನ ಆಸುಪಾಸು. ಸಾಲುಗಳ ಕ್ರಮ ಮಾತ್ರ ಹೀಗೇ ಇರಲಿ, ಒಂದು ಹಿಂದೆ ಮುಂದೆ ಆದರೂ ಅದು ಬೇರೆಯೇ ಜನರೇಟರ್.

ಈಸಿಂಗ್_ಜಾಲರಿ

ಇಷ್ಟು ಬೇಗ ಇಷ್ಟು ವಿವರ ಬರುತ್ತೆ ಅಂದ್ಕೊಂಡಿರಲಿಲ್ಲ, ಧನ್ಯವಾದ. ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳೋದು ಮರ್ಸೆನ್ ಟ್ವಿಸ್ಟರ್. ಸಿ++ ಲೈಬ್ರರಿಯಲ್ಲೇ ಇದೆ, ಪೈಥಾನ್‌ನಲ್ಲೂ ಅದೇ ಇದೆ. ಅದನ್ನು ಯಾಕೆ ಬಿಡಬೇಕು?

ನಾಲ್ಕು_ರಿಜಿಸ್ಟರ್

ಬಿಡಲೇಬೇಕು ಅಂತಿಲ್ಲ. ಮಾತ್ಸುಮೊಟೊ ಮತ್ತು ನಿಶಿಮುರಾ 1998ರಲ್ಲಿ ಪ್ರಕಟಿಸಿದಾಗ ಅದು ಆಗಿನ ಬಹುತೇಕ ಜನರೇಟರ್‌ಗಳಿಗಿಂತ ಬಹಳ ಮುಂದಿತ್ತು. ಆದರೆ ಸ್ಟೇಟ್ 32 ಬಿಟ್‌ನ 624 ಪದ, ಹತ್ತಿರಹತ್ತಿರ ಎರಡೂವರೆ ಸಾವಿರ ಬೈಟ್. ನಿಮ್ಮ ಜಾಲರಿಗೆ ಬೇಕಾದ ಎಲ್1 ಕ್ಯಾಶ್‌ನಲ್ಲಿ (ಪ್ರೊಸೆಸರ್ ಒಳಗಿನ ಚಿಕ್ಕ, ವೇಗದ ಮೆಮೊರಿ) ಅದೂ ಜಾಗ ಕೇಳುತ್ತೆ. ಕ್ಸೋಶಿರೋ 32 ಬೈಟ್, ನಾಲ್ಕು ರಿಜಿಸ್ಟರ್‌ನಲ್ಲಿ ಮುಗೀತು. ಇನ್ನೊಂದು, ಹೆಚ್ಚಿನವರು ಆ 624 ಪದಗಳನ್ನು ಒಂದೇ 32 ಬಿಟ್ ಸೀಡ್‌ನಿಂದ (ಶುರುವಿಗೆ ಕೊಡೋ ಸಂಖ್ಯೆಯಿಂದ) ತುಂಬಿಸ್ತಾರೆ. ಆವರ್ತ ಎಷ್ಟೇ ಉದ್ದ ಇರಲಿ, ಶುರು ಮಾಡಬಹುದಾದ ಜಾಗ ನಾನೂರಿಪ್ಪತ್ತೊಂಬತ್ತು ಕೋಟಿ ಚಿಲ್ಲರೆ ಅಷ್ಟೇ.

ಕ್ಯಾಶ್_ಸಾಲು

ಸೀಡ್ ಮಾತು ಬಂತಲ್ಲ, ಅದನ್ನೂ ಸೇರಿಸ್ತೀನಿ. ನಾಲ್ಕೂ ಪದ ಸೊನ್ನೆ ಆದರೆ ಕ್ಸೋಶಿರೋ ಸೊನ್ನೆಯಲ್ಲೇ ಕೂತುಬಿಡುತ್ತೆ. 1, 2, 3, 4 ಅಂತ ಕೊಟ್ಟರೂ ಮೊದಲ ಕೆಲವು ಸಂಖ್ಯೆಗಳಲ್ಲಿ ಬಹುಪಾಲು ಬಿಟ್ ಸೊನ್ನೆಯಾಗೇ ಇರುತ್ತವೆ. ಹಾಗಾಗಿ ಸೀಡನ್ನು ಮೊದಲು ಸ್ಪ್ಲಿಟ್‌ಮಿಕ್ಸ್64 ಅನ್ನೋ ಚಿಕ್ಕ ಜನರೇಟರ್ ಮೂಲಕ ದಾಟಿಸಿ:

ಮೊತ್ತ += 11400714819323198485
ಯ = ಮೊತ್ತ
ಯ = (ಯ ^ (ಯ >> 30)) * 13787848793156543929
ಯ = (ಯ ^ (ಯ >> 27)) * 10723151780598845931
ಫಲ = ಯ ^ (ಯ >> 31)

ನಾಲ್ಕು ಸಲ ಕರೆದು ನಾಲ್ಕು ಪದ ತುಂಬಿಸಿ. ಮೊದಲ ಸಾಲಿನ ಆ ದೊಡ್ಡ ಸಂಖ್ಯೆ 2ರ 64ನೇ ಘಾತವನ್ನು ಸುವರ್ಣ ಅನುಪಾತದಿಂದ ಭಾಗಿಸಿ ಬಂದದ್ದು. ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಪ್ರೋಗ್ರಾಮ್ ಓಡ್ತಾನೇ ಇರುತ್ತೆ, ಅದಕ್ಕೆ ತಾಳೆ ನೋಡಿ: ಮೊತ್ತವನ್ನು 0 ಇಟ್ಟು ಶುರು ಮಾಡಿದರೆ ಮೊದಲ ಫಲ 16294208416658607535 ಬರಬೇಕು. ಬರಲಿಲ್ಲ ಅಂದ್ರೆ ಮುಂದೆ ಹೋಗಬೇಡಿ.

ಥ್ರೆಡ್‌ಗಳಿಗೆ ಬೇರೆ ಬೇರೆ ಸೀಡ್ ಕೊಡೋದಕ್ಕಿಂತ ಒಂದೇ ಸೀಡ್ ಇಟ್ಟು ಜಂಪ್ ಫಂಕ್ಷನ್ ಬಳಸಿ. ಲೇಖಕರ ಕೋಡ್‌ನಲ್ಲೇ ಇದೆ, ಒಂದು ಜಂಪ್ ಅಂದರೆ 2ರ 128ನೇ ಘಾತದಷ್ಟು ಹೆಜ್ಜೆ ಮುಂದಕ್ಕೆ. ಒಂದು ಥ್ರೆಡ್‌ನ ಸಂಖ್ಯೆಗಳು ಇನ್ನೊಂದರ ಸಾಲಿಗೆ ಹೋಗಿ ತಾಗೋದೇ ಇಲ್ಲ.

ಇನ್ನು ನನ್ನ ಮುಖ್ಯ ಮಾತು. ಎಂಟು ಥ್ರೆಡ್‌ನ ಸ್ಟೇಟ್‌ಗಳನ್ನು ಒಂದು ಅರೇಯಲ್ಲಿ ಪಕ್ಕಪಕ್ಕ ಇಟ್ಟರೆ, 64 ಬೈಟ್‌ನ ಒಂದು ಕ್ಯಾಶ್ ಲೈನ್‌ನಲ್ಲಿ (ಕ್ಯಾಶ್ ಒಟ್ಟಿಗೆ ಸಾಗಿಸೋ ತುಂಡು) ಎರಡು ಸ್ಟೇಟ್ ಕೂರುತ್ತವೆ. ಒಂದು ಕೋರ್ ಬರೆದಾಗಲೆಲ್ಲ ಇನ್ನೊಂದು ಕೋರ್‌ನಲ್ಲಿರೋ ಆ ಲೈನ್ ಅಸಿಂಧು ಆಗುತ್ತೆ. ಲಾಕ್ ತೆಗೆದುಹಾಕಿದ ಮೇಲೂ ಕಾಯೋದು ತಪ್ಪೋದಿಲ್ಲ, ಈ ಸಲ ಹಾರ್ಡ್‌ವೇರ್ ಒಳಗೆ. ಪ್ರತಿ ಸ್ಟೇಟನ್ನೂ 64 ಬೈಟ್‌ಗೆ ಅಲೈನ್ ಮಾಡಿ, ಅಂದರೆ ಒಂದೊಂದಕ್ಕೂ ತನ್ನದೇ ಕ್ಯಾಶ್ ಲೈನ್ ಸಿಗಲಿ.

ಜಾಲರಿಯ ಸ್ಪಿನ್‌ಗಳನ್ನು ಯಾವ ಟೈಪ್‌ನಲ್ಲಿ ಇಟ್ಟಿದ್ದೀರಿ? ಚಾರ್ (ಒಂದು ಬೈಟ್‌ನ ಟೈಪ್) ಆಗಿದ್ದರೆ ಇನ್ನೊಂದು ಹೊಡೆತ ಇದೆ. ಚಾರ್ ಪಾಯಿಂಟರ್ ಮೆಮೊರಿಯ ಯಾವ ಜಾಗವನ್ನಾದರೂ ತೋರಿಸಬಹುದು ಅಂತ ಭಾಷೆಯ ನಿಯಮ. ಹಾಗಾಗಿ ನೀವು ಒಂದು ಸ್ಪಿನ್ ಬರೆದಾಗಲೆಲ್ಲ, ‘ಇದು ಜನರೇಟರಿನ ಸ್ಟೇಟ್ ಮೇಲೇ ಬರೆದಿರಬಹುದು’ ಅಂತ ಕಂಪೈಲರ್ ಅನುಮಾನಿಸಿ, ನಾಲ್ಕೂ ಪದಗಳನ್ನು ಮೆಮೊರಿಗೆ ಇಳಿಸಿ ಮತ್ತೆ ಏರಿಸುತ್ತೆ. ಲೂಪ್ ಶುರುವಿಗೆ ಮುಂಚೆ ಸ್ಟೇಟನ್ನು ಲೋಕಲ್ ವೇರಿಯಬಲ್‌ಗಳಿಗೆ ಕಾಪಿ ಮಾಡಿ, ಲೂಪ್ ಮುಗಿದ ಮೇಲೆ ವಾಪಸ್ ಬರೆಯಿರಿ. ಫಂಕ್ಷನ್ ಹೆಡರ್ ಫೈಲ್‌ನಲ್ಲೇ ಇರಲಿ, ಇನ್‌ಲೈನ್ ಆಗಬೇಕು, ಅಂದರೆ ಕರೆದ ಜಾಗದಲ್ಲೇ ಅದರ ಕೋಡ್ ಸೇರಬೇಕು. ಆಗ ನಾಲ್ಕೂ ಪದ ರಿಜಿಸ್ಟರ್ ಬಿಟ್ಟು ಕದಲೋದಿಲ್ಲ.

ಈಸಿಂಗ್_ಜಾಲರಿ

ಚಾರ್ ಹೌದು! ಅಸೆಂಬ್ಲಿ ತೆಗೆದು ನೋಡಿದೆ. ನೀವು ಹೇಳಿದ ಹಾಗೇ ಪ್ರತಿ ಹೆಜ್ಜೆಯಲ್ಲೂ ನಾಲ್ಕು ಲೋಡ್, ನಾಲ್ಕು ಸ್ಟೋರ್ ಇದ್ದವು. ಲೋಕಲ್ ಕಾಪಿ ಮಾಡಿದ ಮೇಲೆ ಒಂದೂ ಇಲ್ಲ. ಜನರೇಟರ್ ಬದಲಾಯಿಸಿದ್ದಕ್ಕಿಂತ ಇದರಿಂದ ಸಿಕ್ಕ ವೇಗವೇ ಹೆಚ್ಚು ಅನ್ನಿಸ್ತಿದೆ.

ಈಗ ಪ್ರೊಫೈಲರ್‌ನಲ್ಲಿ ಮೇಲೆ ಬಂದಿರೋದು ಭಾಗಾಕಾರ. ಬೇರೆ ಗಾತ್ರಗಳಿಗೂ ಅದೇ ಕೋಡ್ ಓಡಲಿ ಅಂತ ಶೇಷ ತೆಗೆಯುವ ಸಾಲನ್ನು ಹಾಗೇ ಇಟ್ಟಿದ್ದೇನೆ.

ಕೆಳಬಿಟ್

ಇಲ್ಲಿ ಎರಡು ವಿಷಯ ಇದೆ. ಗಾತ್ರ 1024 ಆದಾಗ ಭಾಗಾಕಾರವೇ ಬೇಡ, ಮೇಲಿನ ಹತ್ತು ಬಿಟ್ ಶಿಫ್ಟ್ ಮಾಡಿ ತಗೊಂಡ್ರಾಯ್ತು.

ಗಾತ್ರ 1000 ಆದರೆ ಶೇಷ ತೆಗೆಯೋದರಲ್ಲಿ ವೇಗದ ಜೊತೆಗೆ ನ್ಯಾಯವೂ ಹೋಗುತ್ತೆ. 32 ಬಿಟ್‌ನಲ್ಲಿ ಒಟ್ಟು 4294967296 ಸಂಖ್ಯೆ, 1000ದಿಂದ ಭಾಗಿಸಿದರೆ 296 ಉಳಿಯುತ್ತೆ. ಹಾಗಾಗಿ 0ಯಿಂದ 295ರವರೆಗಿನ ಸಾಲುಗಳಿಗೆ ಉಳಿದವಕ್ಕಿಂತ ಒಂದೊಂದು ಅವಕಾಶ ಹೆಚ್ಚು. ಇದಕ್ಕೆ ಡೇನಿಯಲ್ ಲೆಮಿರ್ ಅವರ ವಿಧಾನ ಹಾಕಿ. 64 ಬಿಟ್ ಸಂಖ್ಯೆಯನ್ನು 1000ದಿಂದ ಗುಣಿಸಿ, 128 ಬಿಟ್‌ನ ಉತ್ತರದಲ್ಲಿ ಮೇಲಿನ ಅರ್ಧ ತಗೊಳ್ಳಿ, ಅದೇ ನಿಮ್ಮ ಸಾಲಿನ ಸಂಖ್ಯೆ. ಕೆಳಗಿನ ಅರ್ಧ 1000ಕ್ಕಿಂತ ಕಡಿಮೆ ಬಂದಾಗ ಮಾತ್ರ ಒಂದು ಭಾಗಾಕಾರ ಮಾಡಿ, ಅನ್ಯಾಯದ ಪಾಲಿಗೆ ಬಿದ್ದಿದೆಯಾ ಅಂತ ನೋಡಿ, ಬಿದ್ದಿದ್ದರೆ ಬಿಸಾಕಿ ಇನ್ನೊಂದು ಕೇಳಬೇಕು. 64 ಬಿಟ್‌ನಲ್ಲಿ ಆ ಸಂದರ್ಭ ಬರೋದೇ ಅಪರೂಪ. ಗುಣಾಕಾರಕ್ಕೆ ಮೂರು ನಾಲ್ಕು ಸೈಕಲ್ ಸಾಕು. ಹಳೆಯ ಪ್ರೊಸೆಸರ್‌ಗಳಲ್ಲಿ 64 ಬಿಟ್ ಭಾಗಾಕಾರಕ್ಕೆ ಹತ್ತಾರು ಸೈಕಲ್ ಹೋಗ್ತಿತ್ತು.

ತಿರುಗಿಸೋ ತೀರ್ಮಾನಕ್ಕೆ ದಶಮಾಂಶ ಸಂಖ್ಯೆಯೂ ಬೇಡ ಅನ್ನೋದು ನನ್ನ ಸಲಹೆ. ಚೌಕ ಜಾಲರಿಯಲ್ಲಿ ಶಕ್ತಿ ಏರಿದರೆ 4 ಇಲ್ಲವೇ 8, ಎರಡೇ ಬೆಲೆ. ಕ್ರಾಂತಿಕ ತಾಪಮಾನ (ಸ್ಪಿನ್‌ಗಳ ಒಗ್ಗಟ್ಟು ಮುರಿಯೋ ತಾಪಮಾನ) 2.269ರಲ್ಲಿ ಅವುಗಳ ಸಂಭವನೀಯತೆ ಸುಮಾರು 0.1716 ಮತ್ತು 0.0294. ಲೂಪ್‌ಗೆ ಮುಂಚೆಯೇ ಎರಡನ್ನೂ 2ರ 44ನೇ ಘಾತದಿಂದ ಗುಣಿಸಿ ಪೂರ್ಣಾಂಕ ಮಾಡಿಟ್ಟುಕೊಳ್ಳಿ. ಯಾಕೆ 44 ಅಂದ್ರೆ, ಒಂದು 64 ಬಿಟ್ ಸಂಖ್ಯೆಯ ಮೇಲಿನ 20 ಬಿಟ್ ಚೌಕ ಆರಿಸೋಕೆ ಹೋಗುತ್ತೆ, ಹತ್ತು ಸಾಲಿಗೆ, ಹತ್ತು ಕಂಬಸಾಲಿಗೆ. ಉಳಿದ 44 ಬಿಟ್‌ಗಳನ್ನು ಈ ಮಿತಿಯ ಜೊತೆ ಹೋಲಿಸಿದರೆ ತೀರ್ಮಾನ ಮುಗೀತು. ಮೂರು ಕರೆ ಮಾಡೋ ಜಾಗದಲ್ಲಿ ಒಂದೇ ಕರೆ. ಕ್ಸೋಶಿರೋ256++ನಲ್ಲಿ ಕೆಳಗಿನ ಬಿಟ್‌ಗಳೂ ಗಟ್ಟಿ ಇರೋದರಿಂದ ಹೀಗೆ ಹಂಚಿಕೊಳ್ಳಬಹುದು. ಮೊದಲು ಹೇಳಿದ ಒಂದು ಸಾಲಿನ ಜನರೇಟರಿನಲ್ಲಿ ಇದನ್ನು ಮಾಡಬೇಡಿ.

ಬಿಇ_ಆರನೇ_ಸೆಮ್

ಸರ್, ಮೇಡಂ, ನಡುವೆ ಒಂದು ಪ್ರಶ್ನೆ. ನಮ್ಮ ಕಾಲೇಜ್ ಪ್ರಾಜೆಕ್ಟ್‌ನಲ್ಲಿ ಲಾಗಿನ್‌ಗೆ ಒಟಿಪಿ ಕಳಿಸಬೇಕು. ಈ ಕ್ಸೋಶಿರೋನೇ ಹಾಕಬಹುದಾ?

ಕ್ಯಾಶ್_ಸಾಲು

ಬೇಡಪ್ಪ, ಖಂಡಿತ ಬೇಡ. ಇಲ್ಲಿ ಮಾತಾಡ್ತಿರೋ ಯಾವ ಜನರೇಟರೂ ಗುಟ್ಟು ಕಾಯೋಕೆ ಮಾಡಿದ್ದಲ್ಲ. ಮರ್ಸೆನ್ ಟ್ವಿಸ್ಟರ್ ಕೊಟ್ಟ 624 ಸಂಖ್ಯೆ ಸತತವಾಗಿ ನೋಡಿದವರು ಒಳಗಿನ ಸ್ಟೇಟ್ ಪೂರ್ತಿ ಬಿಡಿಸಿ ಮುಂದಿನದನ್ನೆಲ್ಲ ಹೇಳಬಹುದು. ಕ್ಸೋಶಿರೋಗೆ ಅಷ್ಟೂ ಬೇಕಿಲ್ಲ. ಲಿನಕ್ಸ್‌ನಲ್ಲಿ ಗೆಟ್‌ರ‍್ಯಾಂಡಮ್ ಸಿಸ್ಟಂ ಕಾಲ್ ಇದೆ, ಪೈಥಾನ್ ಆದರೆ ಸೀಕ್ರೆಟ್ಸ್ ಮಾಡ್ಯೂಲ್. ಅದನ್ನೇ ಬಳಸಿ. ಒಟಿಪಿಗೆ ನ್ಯಾನೊಸೆಕೆಂಡ್ ಲೆಕ್ಕ ಮುಖ್ಯ ಅಲ್ಲ.

ಕೆಳಬಿಟ್

ಈಸಿಂಗ್_ಜಾಲರಿ ಅವರಿಗೆ, ವೇಗದ ಕೆಲಸ ಮುಗಿಯುತ್ತಾ ಬಂತು ಅಂದ್ಕೊಂಡು ಇದನ್ನು ಬರೀತಿದ್ದೇನೆ. ಪ್ರಬಂಧಕ್ಕೆ ಅಂಕಿ ಅಂಶ ತೆಗೆಯೋ ಮೊದಲು ದಯವಿಟ್ಟು ಓದಿ.

1992ರಲ್ಲಿ ಫೆರೆನ್‌ಬರ್ಗ್, ಲ್ಯಾಂಡೌ ಮತ್ತು ವಾಂಗ್ ಇದೇ ಎರಡು ಆಯಾಮದ ಈಸಿಂಗ್ ಮಾದರಿಯನ್ನು ವೋಲ್ಫ್ ಕ್ಲಸ್ಟರ್ ವಿಧಾನದಲ್ಲಿ (ಸ್ಪಿನ್‌ಗಳ ಇಡೀ ಗುಂಪನ್ನು ಒಟ್ಟಿಗೆ ತಿರುಗಿಸೋದು) ಓಡಿಸಿದರು. ಆಗ ಒಳ್ಳೆಯದು ಅಂತ ಹೆಸರಾಗಿದ್ದ ಆರ್250 ಜನರೇಟರ್ ತಪ್ಪು ಶಕ್ತಿ ಕೊಡ್ತು, ದೋಷದ ಮಿತಿಯನ್ನು ಎಷ್ಟೋ ಮೀರಿದ ತಪ್ಪು. ಹಳೆಯ ಸಾಧಾರಣ ಕಾಂಗ್ರುಯೆನ್ಶಿಯಲ್ ಜನರೇಟರ್ ಅದೇ ಲೆಕ್ಕದಲ್ಲಿ ಅದಕ್ಕಿಂತ ಚೆನ್ನಾಗಿ ನಡೀತು. ಆರ್250ನಲ್ಲಿ ಪ್ರತಿ ಸಂಖ್ಯೆಯೂ 103 ಮತ್ತು 250 ಹೆಜ್ಜೆ ಹಿಂದಿನ ಎರಡು ಸಂಖ್ಯೆಗಳ ಎಕ್ಸಾರ್. ಒಂದು ಕ್ಲಸ್ಟರ್ ಬೆಳೆಸೋಕೆ ನೂರಾರು ಸಂಖ್ಯೆ ಸಾಲಾಗಿ ಬೇಕಲ್ಲ, ಆ ನಂಟು ಕ್ಲಸ್ಟರಿನ ಗಾತ್ರದೊಳಗೇ ನುಸುಳಿತು. ಒಂದೊಂದೇ ಸ್ಪಿನ್ ತಿರುಗಿಸೋ ವಿಧಾನದಲ್ಲಿ ಅದೇ ಜನರೇಟರಿನ ದೋಷ ಅಷ್ಟಾಗಿ ಎದ್ದು ಕಾಣಲಿಲ್ಲ. ಅಂದರೆ ಜನರೇಟರ್ ಒಳ್ಳೆಯದೋ ಕೆಟ್ಟದ್ದೋ ಅನ್ನೋದನ್ನು ನಿಮ್ಮ ಲೆಕ್ಕದಿಂದ ಬೇರೆ ಮಾಡಿ ಹೇಳೋಕೆ ಆಗೋದಿಲ್ಲ.

ಹಾಗಾಗಿ ಎರಡು ಹಂತ. ಮೊದಲು ಲೆಕುಯೆ ಮತ್ತು ಸಿಮಾರ್ ಅವರ ಟೆಸ್ಟ್‌ಯು01ನಲ್ಲಿ ಬಿಗ್‌ಕ್ರಶ್ ಅನ್ನೋ ಜನರೇಟರ್ ಪರೀಕ್ಷೆಗಳ ಸರಣಿ ಓಡಿಸಿ, ಇಲ್ಲವೇ ಪ್ರಾಕ್ಟ್‌ರ‍್ಯಾಂಡ್‌ಗೆ ಹರಿಸಿ. ಕ್ಸೋಶಿರೋ256++ ಪಾಸಾಗುತ್ತೆ ಅಂತ ಗೊತ್ತೇ ಇದೆ. ಆದರೂ ನೀವು ಬರೆದ ಕೋಡ್‌ನಲ್ಲಿ ದೊಡ್ಡ ತಪ್ಪಿದ್ದರೆ ಅಲ್ಲಿ ಗೊತ್ತಾಗಬಹುದು. ಆಮೇಲೆ ನಿಮ್ಮ ಸಿಮ್ಯುಲೇಶನ್ನನ್ನೇ ಪರೀಕ್ಷೆ ಮಾಡಿ. ಈಸಿಂಗ್ ಮಾದರಿಯವರ ಪುಣ್ಯ, ನಿಖರ ಉತ್ತರ ಕೈಯಲ್ಲಿದೆ: ಅನಂತ ಜಾಲರಿಗೆ ಆನ್ಸಾಗರ್ 1944ರಲ್ಲಿ, ಮಿತ ಗಾತ್ರದ ಜಾಲರಿಗೆ ಬ್ರೂರಿಯಾ ಕಾಫ್‌ಮನ್ 1949ರಲ್ಲಿ ಕೊಟ್ಟಿದ್ದಾರೆ. 1024ರಲ್ಲಿ ಕ್ರಾಂತಿಕ ತಾಪಮಾನದ ಹತ್ತಿರ ಹೋದರೆ ಸ್ಪಿನ್‌ಗಳು ಹಳೆಯ ಸ್ಥಿತಿ ಮರೆಯೋಕೇ ಬಹಳ ಹೊತ್ತು ಹಿಡಿಯುತ್ತೆ. ಅದಕ್ಕೆ 16 × 16 ಮತ್ತು 32 × 32 ತಗೊಂಡು ದೀರ್ಘವಾಗಿ ಓಡಿಸಿ, ಕಾಫ್‌ಮನ್ ಸೂತ್ರದ ಜೊತೆ ತಾಳೆ ನೋಡಿ. ಒಂದು ಸಲ ಕ್ಸೋಶಿರೋ, ಇನ್ನೊಂದು ಸಲ ಬೇರೆ ಕುಟುಂಬದ ಪಿಸಿಜಿ.

ಈಸಿಂಗ್_ಜಾಲರಿ

ಕೆಲವು ದಿನ ಬಿಟ್ಟು ಬರೀತಿದ್ದೇನೆ, ರನ್‌ಗಳು ಮುಗಿಯಲಿ ಅಂತ ಕಾದೆ. ಸ್ಪ್ಲಿಟ್‌ಮಿಕ್ಸ್‌ನ ಮೊದಲ ಫಲ ಅಂಕಿ ಅಂಕಿಗೂ ತಾಳೆಯಾಯ್ತು. ಬಿಗ್‌ಕ್ರಶ್ ರಾತ್ರಿ ಓಡಲು ಬಿಟ್ಟಿದ್ದೆ, ಅನುಮಾನ ಪಡೋ ಯಾವ ಸಾಲೂ ಇಲ್ಲ. 16 ಮತ್ತು 32ರ ಜಾಲರಿಗಳಲ್ಲಿ ಶಕ್ತಿ, ಉಷ್ಣಧಾರಕತೆ ಎರಡೂ ನಿಖರ ಬೆಲೆಯ ಜೊತೆ ದೋಷದ ಮಿತಿಯೊಳಗೆ ಕೂತಿವೆ, ಕ್ಸೋಶಿರೋನಲ್ಲೂ ಪಿಸಿಜಿಯಲ್ಲೂ. ಎಂಟು ಥ್ರೆಡ್ ಈಗ ನಿಜವಾಗಿ ಎಂಟು ಥ್ರೆಡ್‌ನ ಕೆಲಸ ಮಾಡ್ತಿವೆ.

ನಮ್ಮ ಲ್ಯಾಬ್‌ಗೆ ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಬರ್ತಿದೆ. ಅಲ್ಲಿ ಲಕ್ಷಾಂತರ ಥ್ರೆಡ್, ಒಂದೊಂದಕ್ಕೂ 32 ಬೈಟ್ ಸ್ಟೇಟ್, ಒಂದೊಂದಕ್ಕೂ ಜಂಪ್. ಅದೇ ದಾರಿ ಹಿಡಿಯಬೇಕಾ?

ನಾಲ್ಕು_ರಿಜಿಸ್ಟರ್

ಅಲ್ಲಿ ಸ್ಟೇಟ್ ಇಟ್ಟುಕೊಳ್ಳೋದನ್ನೇ ಬಿಡಿ. ಕೌಂಟರ್ ಆಧಾರಿತ ಜನರೇಟರ್ ಹಾಕಿ, 2011ರಲ್ಲಿ ಡಿ. ಇ. ಶಾ ರಿಸರ್ಚ್‌ನವರು ಪ್ರಕಟಿಸಿದ ಫಿಲಾಕ್ಸ್. ಒಂದು ಕೀ, ಒಂದು ಕೌಂಟರ್ ಕೊಟ್ಟರೆ ಹತ್ತು ಸುತ್ತು ಗುಣಿಸಿ, ಎಕ್ಸಾರ್ ಮಾಡಿ ನಾಲ್ಕು 32 ಬಿಟ್ ಸಂಖ್ಯೆ ಕೊಡುತ್ತೆ. ಹಿಂದಿನ ಕರೆಯ ನೆನಪು ಅದಕ್ಕೆ ಬೇಕಾಗಿಲ್ಲ. ಎನ್ವಿಡಿಯಾದ ಕುರ‍್ಯಾಂಡ್ ಲೈಬ್ರರಿಯಲ್ಲಿ ಸಿದ್ಧವಾಗಿದೆ.

ಜಾಲರಿಯನ್ನು ಕೆಳಬಿಟ್ ಹೇಳಿದ ಚದುರಂಗದ ಎರಡು ಬಣ್ಣ ಮಾಡಿ, ಒಂದು ಬಣ್ಣದ ಚೌಕಗಳನ್ನೆಲ್ಲ ಒಟ್ಟಿಗೆ, ಆಮೇಲೆ ಇನ್ನೊಂದು ಬಣ್ಣದವನ್ನು ಒಟ್ಟಿಗೆ ತಿರುಗಿಸಿ. ಅಕ್ಕಪಕ್ಕದ ಸ್ಪಿನ್‌ಗಳು ಒಂದೇ ಸಲಕ್ಕೆ ಬದಲಾಗೋದಿಲ್ಲ. ಚೌಕ ಆರಿಸೋಕೆ ಸಂಖ್ಯೆ ಬೇಕಿಲ್ಲ, ತೀರ್ಮಾನಕ್ಕೆ ಮಾತ್ರ ಬೇಕು. ಕೌಂಟರಿನ ನಾಲ್ಕು ಪದಗಳಲ್ಲಿ ಒಂದಕ್ಕೆ ಚೌಕದ ಸಂಖ್ಯೆ, ಎರಡನೆಯದಕ್ಕೆ ಹೆಜ್ಜೆಯ ಸಂಖ್ಯೆ, ಕೀಗೆ ರನ್‌ನ ಸಂಖ್ಯೆ ಹಾಕಿ. ರನ್ ಮಧ್ಯದಲ್ಲಿ ನಿಂತುಹೋದರೂ ಜಾಲರಿ ಮತ್ತು ಹೆಜ್ಜೆಯ ಸಂಖ್ಯೆ ಸೇವ್ ಆಗಿದ್ದರೆ ಸಾಕು, ಅಲ್ಲಿಂದಲೇ ಅದೇ ಸಂಖ್ಯೆಗಳು ಮತ್ತೆ ಬರುತ್ತವೆ.